ಅಟ್ಟದ ಮೇಲೆ ಯಾರಿದ್ದಾರೆ?

ಈ ಸಲ ಬಂದ ಪತ್ರಗಳಲ್ಲಿ ಅಟ್ಟದ ದೂರುಗಳೇ ಜಾಸ್ತಿ. ಗಿಡ, ಗೆದ್ದಲು, ನಲ್ಲಿ ಸೋರುವ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಇರಲಿ. ಇವತ್ತು ಅಟ್ಟ ಹತ್ತೋಣ.

ಪ್ರಶ್ನೆ: ಮೇಡಂ, ಮೂರು ವಾರದಿಂದ ನಮ್ಮ ಅಟ್ಟದಲ್ಲಿ ಸದ್ದು. ರಾತ್ರಿ ಎಂಟರ ಹೊತ್ತಿಗೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ ಧಡ್ ಧಡ್ ಅನ್ನುತ್ತದೆ. ಆಮೇಲೆ ಪೂರ್ತಿ ಮೌನ. ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಧಡ್ ಧಡ್. ನಮ್ಮ ಅತ್ತೆ ದೆವ್ವ ಅಂತಾರೆ. ನಮ್ಮ ಯಜಮಾನರು ಇಲಿ ಅಂತಾರೆ. ಇಲಿ ಅಷ್ಟು ಭಾರ ಇರುತ್ತದಾ? ಸೀಲಿಂಗ್ ಬೋರ್ಡಿನ ಒಂದು ಮೂಲೆಯಲ್ಲಿ ಹಳದಿ ಕಲೆ ಬೇರೆ ಮೂಡಿದೆ. ಹತ್ತಿ ನೋಡಲು ಮನೆಯಲ್ಲಿ ಯಾರಿಗೂ ಧೈರ್ಯ ಇಲ್ಲ. — ನಿದ್ದೆಗೆಟ್ಟವಳು

ಉತ್ತರ: ನಿಮ್ಮತ್ತೆಯದ್ದೂ ತಪ್ಪು, ಯಜಮಾನರದ್ದೂ ತಪ್ಪು. ಪಂದ್ಯ ಕಟ್ಟಿದ್ದರೆ ದುಡ್ಡು ನಿಮಗೇ ಬರಲಿ.

ನೀವೇ ಪತ್ರದಲ್ಲಿ ಅರ್ಧ ಉತ್ತರ ಬರೆದಿದ್ದೀರಿ. ಎಂಟಕ್ಕೆ ಸದ್ದು, ನಡುವೆ ಮೌನ, ನಾಲ್ಕೂವರೆಗೆ ಸದ್ದು. ಅಂದರೆ ಅದು ಎಂಟಕ್ಕೆ ಕೆಲಸಕ್ಕೆ ಹೋಗುತ್ತದೆ, ಬೆಳಗಿನ ಜಾವ ಮನೆಗೆ ಬರುತ್ತದೆ. ಇಲಿ ಹಾಗಲ್ಲ. ಇಲಿ ರಾತ್ರಿಯಿಡೀ ಸರಬರ ಓಡಾಡುತ್ತದೆ, ಕೆರೆಯುತ್ತದೆ, ಕಡಿಯುತ್ತದೆ. ಅದರ ಓಟ ಹಗುರ, ಚುರುಕು. ನಡೆದ ಹಾಗೆ ಕೇಳಿಸಬೇಕಾದರೆ ಎರಡು ಕೆಜಿಗೆ ಮೇಲಿನ ಪ್ರಾಣಿಯೇ ಆಗಬೇಕು. ಒಂದೇ ಮೂಲೆಯಲ್ಲಿ ಕಲೆ ಅಂದರೆ ಆ ಮೂಲೆಯನ್ನೇ ಅದು ಪಾಯಿಖಾನೆ ಮಾಡಿಕೊಂಡಿದೆ. ಇಷ್ಟು ಸಾಕು. ನನ್ನ ಅಂದಾಜು ಮರಬೆಕ್ಕು. ಕಬ್ಬೆಕ್ಕು ಅನ್ನುವವರೂ ಇದ್ದಾರೆ, ಪುನುಗು ಬೆಕ್ಕು ಅಂತಲೂ ಕರೆಯುತ್ತಾರೆ. ಹೆಸರಿನಲ್ಲಿ ಬೆಕ್ಕು ಇದೆ, ಆದರೆ ಬೆಕ್ಕಿನ ಕುಟುಂಬಕ್ಕೆ ಸೇರಿದ್ದಲ್ಲ. ಎರಡರಿಂದ ಐದು ಕೆಜಿ ತೂಗುತ್ತದೆ. ಬಾಲ ಹತ್ತಿರ ಹತ್ತಿರ ಮೈಯಷ್ಟೇ ಉದ್ದ. ಮುಖಕ್ಕೆ ಕಳ್ಳನ ಹಾಗೆ ಕಪ್ಪು ಪಟ್ಟಿ. ಒಂಟಿ ಜೀವ. ಹಗಲು ಮರದ ಪೊಟರೆಯಲ್ಲಿ ಮಲಗಬೇಕು. ಪೊಟರೆ ಇಲ್ಲ ಅಂದರೆ ನಿಮ್ಮ ಅಟ್ಟ ಇದೆಯಲ್ಲ!

ಅಂದಾಜು ಸರಿಯೋ ತಪ್ಪೋ ಗೊತ್ತಾಗಬೇಕಾದರೆ ಅಟ್ಟ ಹತ್ತಲೇಬೇಕು. ಹತ್ತುವುದು ರಾತ್ರಿ ಒಂಬತ್ತರ ಮೇಲೆ, ಅದು ಹೊರಗೆ ಹೋದಮೇಲೆ. ಹಗಲು ಹತ್ತಿ ಮಲಗಿದ್ದನ್ನು ಎಬ್ಬಿಸಬೇಡಿ. ಮೂಲೆಗೆ ಸಿಕ್ಕಿಕೊಂಡ ಮರಬೆಕ್ಕು ಕಚ್ಚುತ್ತದೆ. ಬಾಲದ ಬುಡದ ಗ್ರಂಥಿಯಿಂದ ಗಬ್ಬುವಾಸನೆ ಬಿಡುತ್ತದೆ, ಅದು ಬೇರೆ ಶಿಕ್ಷೆ.

ಒಂದು ಅಗಲ ತಟ್ಟೆಯೋ ರಟ್ಟೋ ತೆಗೆದುಕೊಂಡು ಅದರ ಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಓಡಾಡುವ ದಾರಿಯಲ್ಲಿ ಇಡಿ. ಹಿಟ್ಟು ಬೇಡ. ನಾನು ಮೊದಲ ಸಲ ಹಿಟ್ಟು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಹೆಜ್ಜೆ ಗುರುತೂ ಇಲ್ಲ, ಹಿಟ್ಟೂ ಇಲ್ಲ, ಇರುವೆ ಸಾಲು ಮಾತ್ರ ಇತ್ತು. ಪೌಡರಿನ ಮೇಲೆ ನಾಲ್ಕು ಬೆರಳಿನ ದುಂಡು ಹೆಜ್ಜೆ, ಉಗುರಿಲ್ಲ ಅಂದರೆ ಊರ ಬೆಕ್ಕು. ಐದು ಬೆರಳು ಮೂಡಿದ್ದರೆ ಮರಬೆಕ್ಕು. ಚಿಕ್ಕ ಚಿಕ್ಕ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಇದ್ದರೆ ಯಜಮಾನರೇ ಗೆದ್ದರು.

ಇನ್ನೊಂದು ಸಾಕ್ಷಿ ಹಿಕ್ಕೆ. ನಮ್ಮ ಅಟ್ಟದಲ್ಲಿ ಮೊದಲ ಸಲ ಅದನ್ನು ನೋಡಿದಾಗ, ಯಾರೋ ಬಿತ್ತನೆಗೆ ಪಪ್ಪಾಯಿ ಬೀಜ ಒಣಹಾಕಿದ್ದಾರೆ ಅಂದುಕೊಂಡೆ. ಅಷ್ಟು ಸ್ವಚ್ಛವಾದ ಬೀಜಗಳು, ಒಂದಕ್ಕೊಂದು ಅಂಟಿಕೊಂಡು ಹೆಬ್ಬೆರಳ ಗಾತ್ರದ ಉಂಡೆ. ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದೂ ನೋಡಿದೆ. ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದೆ ಬಿಡಿ. ಮರಬೆಕ್ಕು ಹಣ್ಣಿನ ತಿರುಳು ಅರಗಿಸಿಕೊಂಡು ಬೀಜವನ್ನು ಇಡಿಯಾಗಿ ಹೊರಹಾಕುತ್ತದೆ. ಇಂಡೊನೇಷ್ಯಾದ ದುಬಾರಿ ‘ಕೋಪಿ ಲುವಾಕ್’ ಕಾಫಿ ಬರುವುದು ಇದರ ಹಿಕ್ಕೆಯಿಂದ ಆರಿಸಿದ ಕಾಫಿ ಬೀಜದಿಂದಲೇ. ನೀವು ಮಾತ್ರ ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಸರಿ, ಮರಬೆಕ್ಕೇ ಅಂತ ಗೊತ್ತಾಯಿತು. ಈಗ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾನೂ ಮಾಡಿದ್ದೇನೆ, ಅದನ್ನೇ ಹೇಳುತ್ತೇನೆ.

ಅದು ಹೊರಗೆ ಹೋಗುವುದನ್ನು ನಾನು ಎರಡು ರಾತ್ರಿ ಕಾದು ನೋಡಿದೆ. ಸೂರಿನ ಹತ್ತಿರ ಒಂದು ಹಲಗೆ ಸಡಿಲವಾಗಿತ್ತು, ಅಲ್ಲಿಂದ. ಮೂರನೇ ರಾತ್ರಿ ಅದು ಹೋದ ಹತ್ತೇ ನಿಮಿಷಕ್ಕೆ ಏಣಿ ಹಾಕಿ, ಹಲಗೆಗೆ ಎಂಟು ಮೊಳೆ ಹೊಡೆದು ಇಳಿದೆ. ಎಷ್ಟು ಜಾಣೆ ನಾನು ಅಂತ ಹೆಮ್ಮೆ ಬೇರೆ. ಮೂರು ಗಂಟೆಗೆ ಛಾವಣಿ ಮೇಲೆ ಪರಪರ ಸದ್ದು. ಒಂದು ಹೆಂಚು ಜಾರಿ ಅಂಗಳಕ್ಕೆ ಬಿತ್ತು, ಹಿಂದೆಯೇ ಇನ್ನೊಂದು. ಮೇಲೆ ತಾಯಿ ಕೆರೆಯುತ್ತಿದೆ, ಒಳಗೆ ಮರಿಗಳು ಕೀಚಲು ದನಿಯಲ್ಲಿ ಅಳುತ್ತಿವೆ. ಮರಿಗಳಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಕತ್ತಲಲ್ಲಿ ಏಣಿ ಹತ್ತಿ ಅದೇ ಎಂಟು ಮೊಳೆ ಕಿತ್ತೆ. ಹೊಡೆಯುವುದಕ್ಕಿಂತ ಕೀಳುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮುಂದಿನ ಎರಡು ರಾತ್ರಿಯಲ್ಲಿ ತಾಯಿಯೇ ಒಂದೊಂದನ್ನೂ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸಿತು. ಒಟ್ಟು ಮೂರು. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ಐದು ಮರಿ ಇರುತ್ತವೆ.

ಹಾಗಾಗಿ ಮೊದಲು ಹಗಲು ಹೊತ್ತು ಕಿವಿಗೊಟ್ಟು ಕೇಳಿ. ಸಣ್ಣ ದನಿಯಲ್ಲಿ ಕೀಂಯ್ ಅನ್ನುವುದು ಕೇಳಿದರೆ ಮರಿಗಳಿವೆ. ಆಗ ಏನೂ ಮಾಡಬೇಡಿ. ಕೆಲವು ವಾರ ಹೋದರೆ ಮರಿಗಳೇ ತಾಯಿಯ ಹಿಂದೆ ಹೊರಗೆ ನಡೆಯುತ್ತವೆ. ಆಮೇಲೆ ನಿಮ್ಮ ಆಟ ಶುರು.

ಮರಿ ಇಲ್ಲ ಅಂತಾದರೆ ಅಲ್ಲಿ ಅದರ ನಿದ್ದೆ ಕೆಡಿಸಿ. ಅದು ನಿಮಗೆ ಮಾಡಿದ್ದೂ ಅದನ್ನೇ ಅಲ್ವಾ? ಹಗಲಿಡೀ ಅಟ್ಟದಲ್ಲಿ ಒಂದು ಎಲ್‌ಇಡಿ ಬಲ್ಬು ಉರಿಯಲಿ. ಪಕ್ಕದಲ್ಲಿ ರೇಡಿಯೊ ಹಚ್ಚಿಡಿ. ಹಾಡಿಗಿಂತ ಮಾತು ಒಳ್ಳೆಯದು, ಮನುಷ್ಯರ ದನಿ ಕೇಳಿದರೆ ಕಾಡುಪ್ರಾಣಿಗೆ ಸಮಾಧಾನ ಇರುವುದಿಲ್ಲ. ನಾನು ವಾರ್ತೆ, ಚರ್ಚೆಗಳನ್ನೇ ಹಾಕಿದ್ದೆ. ನಾಲ್ಕನೇ ದಿನ ಜಾಗ ಖಾಲಿ. ಚರ್ಚೆ ಕೇಳಿ ನನಗೂ ಮನೆ ಬಿಡಬೇಕು ಅನ್ನಿಸಿತ್ತು.

ಖಾಲಿ ಆಗಿದೆಯೋ ಇಲ್ಲವೋ ನೋಡುವುದಕ್ಕೆ ಹಳೇ ಪೇಪರ್ ಮುದ್ದೆ ಮಾಡಿ ಆ ಕಂಡಿಗೆ ಸಡಿಲವಾಗಿ ತುರುಕಿ. ಮೂರು ರಾತ್ರಿ ಮುದ್ದೆ ಅಲುಗಾಡದೆ ಇದ್ದರೆ ಒಳಗೂ ಯಾರೂ ಇಲ್ಲ, ಹೊರಗಿಂದಲೂ ಯಾರೂ ಬರುತ್ತಿಲ್ಲ. ಮಳೆ ಬಿದ್ದ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಬೆಸುಗೆ ಹಾಕಿದ ಕಬ್ಬಿಣದ ಜಾಲರಿ ಹೊಡೆದು ಮುಚ್ಚಿ. ಕಣ್ಣು ಅರ್ಧ ಇಂಚಿಗಿಂತ ದೊಡ್ಡದು ಬೇಡ. ಪ್ಲಾಸ್ಟಿಕ್ ಜಾಲರಿ, ಥರ್ಮೊಕೋಲ್, ಫೋಮ್ ಯಾವುದೂ ನಿಲ್ಲುವುದಿಲ್ಲ. ಎಲ್ಲೆಲ್ಲಿ ಕಂಡಿ ಇದೆ ಅಂತ ಹುಡುಕಲು ಸುಲಭದ ದಾರಿ ಇದೆ: ಮಧ್ಯಾಹ್ನ ಅಟ್ಟದ ಲೈಟು ಆರಿಸಿ ಸುಮ್ನೆ ಕೂತುಕೊಳ್ಳಿ. ಬೆಳಕು ನುಸುಳುವ ಕಡೆಯೆಲ್ಲ ಚಾಕ್‌ನಲ್ಲಿ ಗುರುತು ಹಾಕಿ. ಛಾವಣಿಗೆ ತಾಗುವ ಕೊಂಬೆಗಳನ್ನು ಎರಡು ಮೀಟರಿನಷ್ಟು ಹಿಂದಕ್ಕೆ ಕತ್ತರಿಸಿ. ಕೊಂಬೆ ಹಾಗೇ ಇದ್ದರೆ ಅದೇ ಸೇತುವೆ.

ಬೋನಿನಲ್ಲಿ ಹಿಡಿದು ದೂರ ಬಿಟ್ಟು ಬರೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾನೂನು ಬಿಡಿ, ಅದರಿಂದ ಕೆಲಸವೂ ಆಗುವುದಿಲ್ಲ. ಕಂಡಿ ತೆರೆದೇ ಇದ್ದರೆ ಇನ್ನೊಂದು ಬಂದು ಸೇರುತ್ತದೆ. ಗಾಯಗೊಂಡಿದ್ದರೆ, ಕೆಳಗೆ ಕೋಣೆಯೊಳಗೆ ಬಿದ್ದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಲೆ ಬಿದ್ದ ಬೋರ್ಡನ್ನು ಒಮ್ಮೆ ಕೆಳಗಿನಿಂದ ಕೋಲಿನಲ್ಲಿ ಒತ್ತಿ ನೋಡಿ. ಮೆತ್ತಗಾಗಿದ್ದರೆ ಬದಲಾಯಿಸಿ. ಊಟದ ಮೇಜಿನ ಮೇಲೆ ಬಂದು ಬೀಳುವವರೆಗೂ ಕಾಯಬೇಡಿ.

ಪ್ರಶ್ನೆ: ಅಟ್ಟದಲ್ಲಿ ಕಪ್ಪು ಅಕ್ಕಿಕಾಳಿನಂಥ ಹಿಕ್ಕೆ ಬೀಳುತ್ತಿದೆ. ಇಲಿ ಅಂತ ಬೋನು ಇಟ್ಟು ಹದಿನೈದು ದಿನ ಆಯಿತು, ಒಂದೂ ಬೀಳಲಿಲ್ಲ. ಕಡಿದ ಗುರುತೂ ಎಲ್ಲೂ ಇಲ್ಲ. ಹಿಕ್ಕೆ ಮಾತ್ರ ಒಂದೇ ಗೋಡೆಯ ಬುಡದಲ್ಲಿ ರಾಶಿ ಬೀಳುತ್ತದೆ. — ಬೋನಿಟ್ಟು ಸೋತವನು

ಉತ್ತರ: ಎರಡು ಹಿಕ್ಕೆಯನ್ನು ಕಾಗದದ ಮೇಲಿಟ್ಟು ಕಡ್ಡಿಯಿಂದ ಒತ್ತಿ. ಇಲಿಯದ್ದಾದರೆ ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿ. ಒತ್ತಿದ ಕೂಡಲೇ ಪುಡಿಪುಡಿಯಾಗಿ, ಪುಡಿಯಲ್ಲಿ ಮಿಣಮಿಣ ಮಿನುಗು ಕಂಡರೆ ಅದು ಬಾವಲಿ. ಮಿನುಗುವುದು ಅದು ತಿಂದ ಹುಳುಗಳ ರೆಕ್ಕೆ ಮತ್ತು ಚಿಪ್ಪಿನ ಚೂರು. ನೀವು ಬರೆದದ್ದು ನೋಡಿದರೆ ಬಾವಲಿಯೇ. ಅದು ನೇತಾಡುವ ಜಾಗದ ನೇರ ಕೆಳಗೆ ರಾಶಿ ಬೀಳುತ್ತದೆ, ಮತ್ತೆ ಅದು ಏನನ್ನೂ ಕಡಿಯುವುದಿಲ್ಲ. ಬೋನಿಗೆ ಬೀಳಲು ಅದಕ್ಕೇನು ಹುಚ್ಚೇ?

ಹಣ್ಣು ತಿನ್ನುವ ದೊಡ್ಡ ತೊಗಲುಬಾವಲಿ ಮರದಲ್ಲಿ ನೇತಾಡುತ್ತದೆ. ನಿಮ್ಮ ಅಟ್ಟದಲ್ಲಿರುವುದು ಕೀಟ ತಿನ್ನುವ ಚಿಕ್ಕದು. ಸೊಳ್ಳೆ, ಪತಂಗ ತಿಂದು ಉಪಕಾರವೇ ಮಾಡುತ್ತದೆ. ಆದರೂ ಕೆಳಗೆ ಮನುಷ್ಯರು ಮಲಗುವ ಮನೆಯಲ್ಲಿ ಅದನ್ನು ಇಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಸಾಯಂಕಾಲ ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಯಾವ ಸಂದಿಯಿಂದ ಹೊರಡುತ್ತವೆ ಅಂತ ನೋಡಿ. ಆ ಸಂದಿಯ ಮೇಲೆ ತೆಳ್ಳಗಿನ ಬಲೆಯನ್ನು ಪರದೆಯ ಹಾಗೆ ಇಳಿಬಿಡಿ. ಮೇಲೆ ಮತ್ತು ಎರಡು ಬದಿ ಅಂಟಿಸಿ, ಕೆಳಗೆ ಬಿಟ್ಟಿರಲಿ. ಒಳಗಿಂದ ಬಂದದ್ದು ಬಲೆಯ ಕೆಳಗೆ ಜಾರಿ ಹೊರಗೆ ಹಾರುತ್ತದೆ, ಬಂದು ಸಂದಿ ಹುಡುಕಿದರೆ ಸಿಗುವುದಿಲ್ಲ. ಒಂದು ವಾರ ಬಿಟ್ಟು ಸಂದಿ ಮುಚ್ಚಿ. ಆದರೆ ಮರಿಗಳ ಕಾಲದಲ್ಲಿ ಇದನ್ನು ಮಾಡಲೇಬೇಡಿ. ಬಾವಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಹಾರಲು ಬಾರದ ಮರಿ ಒಳಗೇ ಸತ್ತರೆ ಆ ನಾತ ತಡೆಯಲಾಗದು. ಬ್ರಿಟನ್ನಿನಲ್ಲಿ ಬಾವಲಿಗೂ ಅದರ ಗೂಡಿಗೂ 1981ರ ಕಾಯ್ದೆಯ ರಕ್ಷಣೆ ಇದೆ, ಅಲ್ಲಿ ಮನೆಯವರು ತಾವಾಗಿ ಸಂದಿ ಮುಚ್ಚುವ ಹಾಗೂ ಇಲ್ಲ. ನಿಮ್ಮಲ್ಲಿಯ ನಿಯಮ ಏನು ಅಂತ ಮೊದಲು ಕೇಳಿಕೊಳ್ಳಿ.

ರಾಶಿಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಧೂಳಿನ ಜೊತೆ ಶಿಲೀಂಧ್ರ ಎದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಿಸ್ಟೊಪ್ಲಾಸ್ಮೋಸಿಸ್ ಅನ್ನುವ ಕಾಯಿಲೆ ಬರುವುದು ಹೀಗೆ. ನೀರು ಚಿಮುಕಿಸಿ, ಒದ್ದೆ ಮಾಡಿ, ಎನ್-95 ಮಾಸ್ಕ್ ಹಾಕಿಕೊಂಡು ಬಾಚಿ ಚೀಲಕ್ಕೆ ತುಂಬಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರ ಹಲ್ಲು ಸೂಜಿಮೊನೆಯಷ್ಟು, ಕಚ್ಚಿದ್ದು ಗೊತ್ತೇ ಆಗದಿರಬಹುದು. ರೇಬೀಸ್ ಬಾವಲಿಯಿಂದಲೂ ಬರುತ್ತದೆ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮಗು ಮಲಗಿದ್ದ ಕೋಣೆಯಲ್ಲಿ ಬಾವಲಿ ಸಿಕ್ಕಿದ್ದರೆ, ಗಾಯ ಕಾಣದಿದ್ದರೂ ಹೋಗಿ. ಬೇರೆ ಯಾವ ಕಾಡುಪ್ರಾಣಿ ಕಚ್ಚಿದರೂ ಇದೇ ಮಾತು.

ಪ್ರಶ್ನೆ: ಅಟ್ಟದಿಂದ ಕುಕ್ಕರ್ ಹಬೆ ಬಿಟ್ಟ ಹಾಗೆ ಬುಸ್ ಬುಸ್ ಸದ್ದು ಬರುತ್ತದೆ. ಹಾವು ಅಂತ ಹಾವು ಹಿಡಿಯುವವರನ್ನು ಕರೆಸಿದೆವು. ಮಧ್ಯಾಹ್ನ ಬಂದು ಏಣಿಯಿಂದಲೇ ಟಾರ್ಚು ಬಿಟ್ಟು ನೋಡಿ, ಏನೂ ಇಲ್ಲ ಅಂದು ದುಡ್ಡು ತೆಗೆದುಕೊಂಡು ಹೋದರು. ಅವತ್ತು ರಾತ್ರಿಯೇ ಮತ್ತೆ ಬುಸ್ ಬುಸ್. ಮಕ್ಕಳನ್ನು ತವರಿಗೆ ಕರೆದುಕೊಂಡು ಬಂದಿದ್ದೇನೆ. — ಹೆದರಿದ ತಾಯಿ

ಉತ್ತರ: ತವರಲ್ಲಿ ಎರಡು ದಿನ ಹಾಯಾಗಿದ್ದು ವಾಪಸ್ ಬನ್ನಿ. ಹಾವು ಬುಸುಗುಡುವುದು ಯಾರಾದರೂ ಕೆಣಕಿದಾಗ. ದಿನಾ ರಾತ್ರಿ ಗಂಟೆಗಟ್ಟಲೆ, ಅದೂ ಪಾಳಿ ಹಾಕಿಕೊಂಡ ಹಾಗೆ ಬುಸುಗುಡುವುದು ಕಣಜ ಗೂಬೆಯ ಮರಿಗಳು. ಅವಕ್ಕೆ ಹಸಿವಾಗಿದೆ, ಅಷ್ಟೇ.

ಕಣಜ ಗೂಬೆ ಗೂಕ್ ಗೂಕ್ ಅನ್ನುವುದಿಲ್ಲ. ಕಿರುಚುತ್ತದೆ, ಬುಸುಗುಡುತ್ತದೆ. ಹೃದಯದ ಆಕಾರದ ಬಿಳಿ ಮುಖ. ಹಾರಿದರೆ ರೆಕ್ಕೆಯ ಸದ್ದೇ ಬರುವುದಿಲ್ಲ. ಖಾತ್ರಿ ಬೇಕಾದರೆ ಅಟ್ಟದ ನೆಲದಲ್ಲಿ ಕಪ್ಪು ಕಪ್ಪು ಉಂಡೆ ಬಿದ್ದಿವೆಯಾ ನೋಡಿ. ಹೆಬ್ಬೆರಳಷ್ಟು ದಪ್ಪ, ಒಣಗಿ ಹಗುರ. ಅದು ಹಿಕ್ಕೆಯಲ್ಲ, ಗೂಬೆ ಬಾಯಿಂದ ಕಾರಿದ್ದು. ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು, ಮೂಳೆಯನ್ನು ಉಂಡೆ ಕಟ್ಟಿ ಉಗುಳುತ್ತದೆ. ನಾನೊಮ್ಮೆ ಒಂದು ಉಂಡೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ಹಳೇ ಪೇಪರ್ ಮೇಲೆ ಎರಡು ಕಡ್ಡಿಯಿಂದ ಬಿಡಿಸಿದೆ. ಬೂದು ಕೂದಲ ನಡುವೆ ಉಗುರಷ್ಟು ಉದ್ದದ ದವಡೆಗಳು. ಅದರಲ್ಲಿ ಹಳದಿ ಬಣ್ಣದ ಬಾಗಿದ ಮುಂಗೋರೆ ಹಲ್ಲು ಹಾಗೇ ಕೂತಿತ್ತು. ಆರು ದವಡೆ ಸಿಕ್ಕವು. ಎರಡೆರಡು ಜೋಡಿಸಿದರೆ ಮೂರು ಇಲಿ, ಒಂದೇ ಉಂಡೆಯಲ್ಲಿ! ಅಷ್ಟು ಇಲಿಗಳನ್ನು ನಿಮಗೆ ಯಾರು ಬಿಟ್ಟಿಯಾಗಿ ಹಿಡಿದುಕೊಡುತ್ತಾರೆ?

ಮರಿಗಳು ಹುಟ್ಟಿ ಎರಡು, ಎರಡೂವರೆ ತಿಂಗಳೊಳಗೆ ಹಾರಿಹೋಗುತ್ತವೆ. ಅಲ್ಲಿಯವರೆಗೆ ಮುಟ್ಟಬೇಡಿ, ಟಾರ್ಚು ಬಿಡಬೇಡಿ. ಆಮೇಲೂ ಕಂಡಿ ಮುಚ್ಚಲೇಬೇಕಾ ಅಂತ ಒಂದು ಸಲ ಯೋಚಿಸಿ. ನಾನಾದರೆ ಮುಚ್ಚುವುದಿಲ್ಲ. ನಾತ ಮತ್ತು ಸದ್ದು ತಡೆಯಲಾಗದಿದ್ದರೆ ನಿಮ್ಮಿಷ್ಟ.

ಅಟ್ಟದಲ್ಲಿ ಹಾವಿದೆ ಅಂತ ಹೇಳುವುದು ಸದ್ದಲ್ಲ, ಪೊರೆ. ಕಳಚಿದ ಪೊರೆ ಸಿಕ್ಕಿದರೆ ಆಗ ಹಾವು ಹಿಡಿಯುವವರನ್ನು ಕರೆಸಿ. ಜೊತೆಗೆ ಅದು ಇಲಿಗಾಗಿ ಬಂದಿದೆ ಅಂತಲೂ ತಿಳಿದುಕೊಳ್ಳಿ.

ಪ್ರಶ್ನೆ: ಇಲಿಯೇ ಅಂತ ಖಾತ್ರಿ ಆಗಿದೆ. ಪಾಷಾಣ ಇಡೋಣ ಅಂತ ನಾನು, ನುಸಿಗುಳಿಗೆ ಸಾಕು ಅಂತ ತಂಗಿ. ಅಲ್ಟ್ರಾಸೌಂಡ್ ಯಂತ್ರ ತರಿಸೋಣ ಅಂತ ಮಗ. ಯಾರ ಮಾತು ಕೇಳಲಿ?

ಉತ್ತರ: ಮೂವರದ್ದೂ ಬೇಡ. ಈಗಿನ ಇಲಿ ಪಾಷಾಣಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು. ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುತ್ತದೆ, ಸಾಯುವುದು ಕೈಗೆ ಸಿಗದ ಸಂದಿಯಲ್ಲಿ. ನಡುವೆ ತೂರಾಡುತ್ತಿರುವ ಆ ಇಲಿಯನ್ನು ಮೇಲೆ ಹೇಳಿದ ಗೂಬೆಯೋ ನಿಮ್ಮ ಮನೆ ಬೆಕ್ಕೋ ತಿಂದರೆ ಅದಕ್ಕೂ ವಿಷ. ನುಸಿಗುಳಿಗೆ ವಾಸನೆಗೆ ಇಲಿ ಓಡುವುದಿಲ್ಲ. ಆದರೆ ಆ ಹಬೆ ಮನೆಯೊಳಗೆ ತುಂಬಿದರೆ ಮಕ್ಕಳಿಗೆ ಅಪಾಯ. ಕೆಲವು ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಯಂತ್ರದ ಸದ್ದಿಗೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ.

ಕಂಡಿ ಮುಚ್ಚಿ. ಪೆನ್ಸಿಲ್ ತೂರುವ ಕಂಡಿಯಲ್ಲಿ ಸುಂಡಿಲಿ ತೂರುತ್ತದೆ, ಹೆಬ್ಬೆರಳು ತೂರುವ ಕಂಡಿಯಲ್ಲಿ ದೊಡ್ಡ ಇಲಿ. ಸುಂಡಿಲಿಗೆ ಜಾಲರಿಯ ಕಣ್ಣು ಕಾಲು ಇಂಚು ಇರಬೇಕು. ಒಳಗೆ ಉಳಿದವಕ್ಕೆ ಗೋಡೆಯ ಅಂಚಿಗೆ ಸ್ಪ್ರಿಂಗ್ ಬೋನು ಸಾಕು. ಇಲಿ ಗೋಡೆ ಸವರಿಕೊಂಡೇ ಓಡುತ್ತದೆ, ನಡುಮನೆಯಲ್ಲಿ ಬೋನಿಟ್ಟರೆ ಬೀಳುವುದಿಲ್ಲ. ಅಂಟಿನ ಹಲಗೆ ಮಾತ್ರ ಬೇಡ, ಅದರಲ್ಲಿ ಸಿಕ್ಕಿದ್ದು ನರಳಿ ನರಳಿ ಸಾಯುತ್ತದೆ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಅಟ್ಟದ ವಯರುಗಳನ್ನೆಲ್ಲ ನೋಡಿಸಿ. ಇಲಿಯ ಮುಂಗೋರೆ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ಗತಿ ಇಲ್ಲ.

ಪ್ರಶ್ನೆ: ಹಗಲು ಮಾತ್ರ ಸದ್ದು, ರಾತ್ರಿ ಪೂರ್ತಿ ಶಾಂತ. ಇದು ಯಾವುದು?

ಉತ್ತರ: ಅಳಿಲು. ನಾರು, ಹತ್ತಿ, ಚಿಂದಿ ಬಟ್ಟೆ ಸೇರಿಸಿ ಗೂಡು ಕಟ್ಟಿರುತ್ತದೆ. ಮರಿ ದೊಡ್ಡದಾಗುವವರೆಗೆ ತಡೆದು, ಅದು ಹೊರಗಿರುವ ಹೊತ್ತು ನೋಡಿ ಮುಚ್ಚಿ. ಅದೂ ವಯರು ಕಡಿಯುತ್ತದೆ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನ ಅಟ್ಟದಲ್ಲೂ ಗಲಾಟೆಯಂತೆ! ಬೂದು ಬಣ್ಣ, ಪೊದೆ ಬಾಲ, ದೊಡ್ಡ ಕಣ್ಣು. ಅಳಿಲು ಅನ್ನೋಣ ಅಂದರೆ ರಾತ್ರಿ ಓಡಾಡುತ್ತದಂತೆ.

ಉತ್ತರ: ಅವನ ಮನೆ ಲಂಡನ್ನಿನ ವಾಯವ್ಯಕ್ಕೆ ಚಿಲ್ಟರ್ನ್ ಬೆಟ್ಟಗಳ ಕಡೆ ಇದೆಯಾ ಕೇಳಿ. ಹೌದಾದರೆ ಅದು ಗ್ಲಿಸ್ ಗ್ಲಿಸ್, ಅಂದರೆ ದೊಡ್ಡ ಡಾರ್ಮೌಸ್ ಅನ್ನುವ, ಅಳಿಲಿನ ಹಾಗೆ ಕಾಣುವ ರಾತ್ರಿಪ್ರಾಣಿ. ಇದು ಬ್ರಿಟನ್ನಿನ ಮೂಲದ್ದಲ್ಲ. 1902ರಲ್ಲಿ ಟ್ರಿಂಗ್ ಅನ್ನುವ ಊರಲ್ಲಿ ವಾಲ್ಟರ್ ರಾತ್ಸ್‌ಚೈಲ್ಡ್ ಎಂಬ ಶ್ರೀಮಂತರ ಪ್ರಾಣಿಸಂಗ್ರಹದಿಂದ ತಪ್ಪಿಸಿಕೊಂಡವುಗಳ ಸಂತತಿ. ವರ್ಷದಲ್ಲಿ ಆರೇಳು ತಿಂಗಳು ನಿದ್ದೆಯಲ್ಲೇ ಕಳೆಯುತ್ತದೆ, ಉಳಿದ ತಿಂಗಳಲ್ಲಿ ಮನೆಯವರಿಗೆ ನಿದ್ದೆ ಇಲ್ಲ. ಹಿಡಿಯಲು ಲೈಸೆನ್ಸ್ ಬೇಕು, ಹಿಡಿದಮೇಲೆ ಹೊರಗೆ ಬಿಡುವ ಹಾಗೂ ಇಲ್ಲ. ಸ್ವಂತ ಬುದ್ಧಿ ಓಡಿಸದೆ ಲೈಸೆನ್ಸ್ ಇರುವವರನ್ನೇ ಕರೆಸಲಿ.

ಕೊನೆಗೊಂದು ವಿನಂತಿ. ಹಿಕ್ಕೆಯ ಫೋಟೋ ಕಳಿಸುವವರು ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯಿರಿ, ಆಗ ಗಾತ್ರ ತಿಳಿಯುತ್ತದೆ. ಫೋಟೋ ಸಾಕು. ಕಳೆದ ತಿಂಗಳು ಒಬ್ಬರು ಹಿಕ್ಕೆಯನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದರು. ನಮ್ಮಲ್ಲಿ ಟಪಾಲು ಬಿಚ್ಚುವ ಹುಡುಗ ಇನ್ನೂ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ.